ಮತಗಟ್ಟೆ ಆದಾಗ ಮಾತ್ರ ಬಲ್ಬು

ನಮ್ಮೂರ ಸರ್ಕಾರಿ ಶಾಲೆ ಚೆಂದ ಕಾಣುವುದು ಚುನಾವಣೆ ಬಂದಾಗ ಮಾತ್ರ. 2023ರ ಮೇ 10ಕ್ಕೆ ವಿಧಾನಸಭೆ ಮತದಾನ ಇತ್ತಲ್ವಾ, ಅದಕ್ಕೆ ವಾರ ಮೊದಲು ಬಲ್ಬು ಬಂತು, ನಲ್ಲಿಗೆ ನೀರು ಬಂತು, ಮೆಟ್ಟಿಲ ಪಕ್ಕ ರ‍್ಯಾಂಪ್ ಎದ್ದಿತು. ಮಕ್ಕಳಿಗೆ ಅಂದಾಗ ಇಲ್ಲದ ದುಡ್ಡು ಅದೆಲ್ಲಿ ಅಡಗಿತ್ತೋ! ಜೂನ್‌ನಲ್ಲಿ ಮಳೆ ಹಿಡಿಯಿತು. ನಾಲ್ಕನೇ ಕ್ಲಾಸಿನ ಮಾಡು ಎಂದಿನಂತೆ ಸೋರಿತು.

ಟಿವಿ ಹಾಕಿದರೆ ಇನ್ನೂ ಉರಿ. ಮೇ 13, ಎಣಿಕೆಯ ದಿನ. 224 ಕ್ಷೇತ್ರ, ಯಾವ ಜಾತಿ ಓಟು ಯಾರಿಗೆ, ಮುಂದಿನ ಸಿಎಂ ಯಾರು ಅಂತ ಬೆಳಗಿನಿಂದ ಚೀರಾಟ. ನಾನು ಕೇಳಿಸಿಕೊಂಡಷ್ಟು ಹೊತ್ತಿನಲ್ಲಿ ಆ್ಯಂಕರ್ ಬಾಯಲ್ಲಿ ಶಾಲೆ ಅನ್ನೋ ಪದ ಬಂದದ್ದು ಒಂದೇ ಸಲ, ಎಣಿಕೆ ಕೇಂದ್ರದ ಹೆಸರು ಹೇಳುವಾಗ.

2022ರ ಅಕ್ಟೋಬರ್‌ನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಅಂತ ಎಸ್‌ಡಿಎಂಸಿಗಳಿಗೆ, ಅಂದರೆ ಶಾಲೆಯ ಉಸ್ತುವಾರಿ ನೋಡುವ ಪೋಷಕರ ಸಮಿತಿಗಳಿಗೆ, ಸುತ್ತೋಲೆ ಬಂದಿತ್ತು. ಗಲಾಟೆ ಆಯ್ತು, ಕೆಲವೇ ದಿನದಲ್ಲಿ ವಾಪಸ್. ಅಷ್ಟು ದಿನ ಶಾಲೆ ಸುದ್ದಿಯಲ್ಲಿತ್ತು. ಸರಿ, ಹಾಗಾದರೆ ಸೀಮೆಸುಣ್ಣ, ಕರೆಂಟ್ ಬಿಲ್ಲಿಗೆ ದುಡ್ಡೆಲ್ಲಿ ಅಂತ ಆಮೇಲೆ ಯಾವ ಮೈಕೂ ಕೇಳಲಿಲ್ಲ.

ಜಿಲ್ಲಾ ಪಂಚಾಯ್ತಿ ಮೆಂಬರನ್ನು ಹಿಡಿದು ಕೇಳೋಣ ಅಂದರೆ, ಅವರ ಅವಧಿ 2021ರಲ್ಲೇ ಮುಗಿದು ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಅದು ಬಿಸಿ ಬಿಸಿ ಚರ್ಚೆಯ ವಿಷಯವೇ ಅಲ್ಲವಂತೆ.

ನಮ್ಮ ಹೆಡ್‌ಮಾಸ್ಟರು ಮಾತ್ರ ಆಸೆ ಬಿಟ್ಟಿಲ್ಲ. "ಇನ್ನೊಂದು ಎಲೆಕ್ಷನ್ ಬರಲಿ ತಡೀರಿ, ಕಿಟಕಿಗೆ ಬಾಗಿಲು ಹಾಕಿಸ್ತೀನಿ" ಅಂತಾರೆ.