ಸೈಕಾಲಜಿ ಸೇರಿದ ಮಕ್ಕಳಿಗೆ, ಮೊದಲ ಪ್ರ್ಯಾಕ್ಟಿಕಲ್‌ಗೆ ಮುಂಚೆ

ಡೊಂಬಿವಲಿ, ಠಾಣೆ, ಮುಲುಂಡಿನ ನಮ್ಮ ಕನ್ನಡ ಮನೆಗಳಿಂದ ಬಿ.ಎ. ಸೈಕಾಲಜಿಗೆ ಸೇರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಒಂದೇ ಆಸೆ: ಎದುರಿದ್ದವರ ಮನಸ್ಸು ಓದಬೇಕು, ತಮ್ಮ ಮನೆಯ ಸಂಕಟಕ್ಕೂ ಉತ್ತರ ಸಿಗಬೇಕು. ತರಗತಿಯಲ್ಲಿ ಸಿಗುವುದು ನ್ಯೂರಾನ್ (ನರಕೋಶ), ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಲೆಕ್ಕ). ದೀಪಾವಳಿ ರಜೆಯ ಹೊತ್ತಿಗೆ ಉತ್ಸಾಹ ಅರ್ಧ ಇಳಿದಿರುತ್ತದೆ. ದಯವಿಟ್ಟು ಆ ಲೆಕ್ಕಕ್ಕೆ ಬೆನ್ನು ತಿರುಗಿಸಬೇಡಿ. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮನೋವಿಜ್ಞಾನಿ ವಿಲ್ಹೆಲ್ಮ್ ವುಂಟ್ ಸೈಕಾಲಜಿ ಪ್ರಯೋಗಾಲಯ ತೆರೆದದ್ದೇ ಅಳೆದು ನೋಡುವುದಕ್ಕೆ.

ಕಣ್ಣಿನ ಭ್ರಮೆಯನ್ನು ಅಳೆಯುವ ಮ್ಯುಲರ್-ಲಾಯರ್ ಪ್ರಯೋಗವನ್ನೇ ನೋಡಿ. ಒಂದು ಗೆರೆಯ ಎರಡೂ ತುದಿಗೆ ಬಾಣದ ಮೊನೆ, ಇನ್ನೊಂದಕ್ಕೆ ಹೊರಕ್ಕೆ ತೆರೆದ ಗರಿ. ಉದ್ದ ಒಂದೇ ಇದ್ದರೂ ಗರಿಯ ಗೆರೆ ಉದ್ದ ಕಾಣುತ್ತದೆ. ಹಾಗಾಗಿ ಬಾಣದ ಗೆರೆಯನ್ನು ಸ್ಥಿರವಾಗಿಟ್ಟು, ಗರಿಯ ಗೆರೆಯನ್ನು ಅದಕ್ಕೆ ಸಮ ಮಾಡಲು ಹೇಳಿದರೆ ಜನ ಗರಿಯ ಗೆರೆಯನ್ನು ಗಿಡ್ಡ ಮಾಡಿ ನಿಲ್ಲಿಸುತ್ತಾರೆ. 20 ಸಲ ಮಾಡಿಸಿ: 10 ಸಲ ಉದ್ದದಿಂದ ಕುಗ್ಗಿಸುತ್ತಾ, 10 ಸಲ ಗಿಡ್ಡದಿಂದ ಹಿಗ್ಗಿಸುತ್ತಾ. ಪ್ರತಿ ಹತ್ತರಲ್ಲಿ ಐದು ಸಲ ಸ್ಥಿರ ಗೆರೆ ಎಡಕ್ಕಿರಲಿ, ಐದು ಸಲ ಬಲಕ್ಕೆ. ಕೈ ಎಳೆಯುವ ದಿಕ್ಕು, ಕಣ್ಣು ನೋಡುವ ಬದಿ, ಎರಡೂ ತಮ್ಮದೇ ತಪ್ಪನ್ನು ಸೇರಿಸುತ್ತವೆ. ಹೀಗೆ ಮಾಡಿದರೆ ಅವು ಬಹುಮಟ್ಟಿಗೆ ಪರಸ್ಪರ ಕಳೆದುಹೋಗುತ್ತವೆ. ಸ್ಥಿರ ಗೆರೆಯ ಉದ್ದದಿಂದ ಆ 20 ಅಳತೆಗಳ ಸರಾಸರಿ ಕಳೆದರೆ ಭ್ರಮೆಯ ಪ್ರಮಾಣ ಸಿಕ್ಕಿತು.

ಪ್ರಯೋಗ ಕೆಡುವುದು ಸಣ್ಣ ವಿಷಯಗಳಲ್ಲಿ. ಮಕ್ಕಳು ಅದೇ ಪಾಠ ಓದಿದ ಬೆಂಚ್‌ಮೇಟ್‌ನನ್ನು ಕೂರಿಸುತ್ತಾರೆ. ಅವನಿಗೆ ಉತ್ತರ ಮೊದಲೇ ಗೊತ್ತು. ಹಿಂಬದಿಯ ಅಳತೆಪಟ್ಟಿ ಅವನಿಗೆ ಕಾಣುವಂತೆ ಗೆರೆಗಳ ಹಲಗೆ ಹಿಡಿಯುತ್ತಾರೆ. ಪ್ರತಿ ಸಲ "ಸರಿ, ಸರಿ" ಅನ್ನುತ್ತಾರೆ. ಉಳಿದ ಅಳತೆಗಳನ್ನು ಲೋಕಲ್ ಟ್ರೇನಿನಲ್ಲಿ ಕೂತು ತುಂಬಿಸುವುದಂತೂ ಸುಳ್ಳು ದಾಖಲೆ. ವರದಿಯಲ್ಲಿ "ಆಕೆ ಟೆನ್ಷನ್‌ನಲ್ಲಿದ್ದಳು" ಎಂದು ಬರೆಯಬೇಡಿ. "ಏಳನೇ ಸಲ ಗೆರೆಯನ್ನು ಎರಡು ಬಾರಿ ಹಿಂದಕ್ಕೆಳೆದಳು" ಎಂದು ಕಂಡದ್ದನ್ನು ಬರೆಯಿರಿ. ನಾಳೆ ಆಸ್ಪತ್ರೆಯಲ್ಲಿ ರೋಗಿಯ ಕೇಸ್ ಹಿಸ್ಟರಿ ಬರೆಯುವಾಗ ಬೇಕಾಗುವುದೂ ಇದೇ ಶಿಸ್ತು.

ಅಪ್ಪ ಅಮ್ಮಂದಿರಿಗೊಂದು ಮಾತು. ಬಿ.ಎ. ಮುಗಿದ ಮಾತ್ರಕ್ಕೆ ಯಾರೂ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. ಸಾಮಾನ್ಯ ಸೈಕಾಲಜಿ ಎಂ.ಎ. ಕೂಡ ಸಾಲದು; ಇಂಥ ತರಬೇತಿಗಳಿಗೆ ಮಾನ್ಯತೆ ಕೊಡುವ ಸಂಸ್ಥೆಯಾದ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ ಮಾನ್ಯ ಮಾಡಿದ ತರಬೇತಿ, ಆಮೇಲೆ ಅಲ್ಲಿ ನೋಂದಣಿ ಬೇಕು. ಫೀಸು ಕಟ್ಟುವ ಮುಂಚೆ ಆ ಕಾಲೇಜಿನ ಮಾನ್ಯತೆ ಯಾವ ವರ್ಷದವರೆಗಿದೆ ಎಂದು ಕೌನ್ಸಿಲ್‌ನ ಪಟ್ಟಿಯಲ್ಲೇ ನೋಡಿ. ಔಷಧ ಬರೆಯುವ ಸೈಕಿಯಾಟ್ರಿಸ್ಟ್‌ನ ದಾರಿಯೇ ಬೇರೆ, ಅದು ಎಂ.ಬಿ.ಬಿ.ಎಸ್.ನಿಂದ ಶುರು.

ಇನ್ನೊಂದು ಕಳಕಳಿ. ಖಿನ್ನತೆಯ ಲಕ್ಷಣ ಕೇಳುವ ಒಂಬತ್ತು ಪ್ರಶ್ನೆಗಳ ಪಟ್ಟಿ ಪಿಎಚ್‌ಕ್ಯೂ-9 ಡೌನ್‌ಲೋಡ್ ಮಾಡಿ ಅಕ್ಕಪಕ್ಕದವರಿಗೆಲ್ಲ ಖಿನ್ನತೆ ಎಂದು ಹಣೆಪಟ್ಟಿ ಹಚ್ಚಬೇಡಿ. ಅದು ಕೇಳುವುದು ಹಿಂದಿನ ಎರಡು ವಾರಗಳ ಬಗ್ಗೆ ಮಾತ್ರ. 27ಕ್ಕೆ 10 ಅಥವಾ ಹೆಚ್ಚು ಬಂದರೆ ತಜ್ಞರು ನೋಡಲಿ ಎಂದರ್ಥ, ರೋಗನಿರ್ಣಯ ಅಲ್ಲ. ಆದರೆ ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದ್ದು. ಅದಕ್ಕೆ ಸೊನ್ನೆ ಬಿಟ್ಟು ಬೇರೇನೇ ಉತ್ತರ ಬಂದರೂ ಒಟ್ಟು ಅಂಕ ಕೂಡಿಸುತ್ತಾ ಕೂರಬೇಡಿ. ಅವರನ್ನು ಒಂಟಿಯಾಗಿ ಬಿಡದೆ, ಅವತ್ತೇ ವೈದ್ಯರ ಬಳಿ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416. ಮುಂಬೈಯಲ್ಲಿದ್ದರೂ ಕನ್ನಡದಲ್ಲಿ ಮಾತಾಡಬೇಕೆಂದು ಕೇಳಿ.