ಹಾರ್ಮುಜ್ 3 ಕಿ.ಮೀ. ಅಗಲವಲ್ಲ: ಒಂದು ಸ್ಪಷ್ಟನೆ

ನಮ್ಮ ಕುವೆಂಪುನಗರದ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನದಿಂದ ಒಂದು ಉಪಗ್ರಹ ಚಿತ್ರ ಸುತ್ತುತ್ತಿದೆ; ಪರ್ಷಿಯಾ ಕೊಲ್ಲಿಯಿಂದ ತೈಲದ ಹಡಗುಗಳು ಹೊರಬರುವ ಹಾರ್ಮುಜ್ ಜಲಸಂಧಿಯದಂತೆ. ಕಂದು ಬಂಡೆಗಳ ನಡುವೆ ನೀಲಿ ದಾರದಂಥ ನೀರು, ಅದಕ್ಕೊಂದು ಕೆಂಪು ಬಾಣ. ಕೆಳಗೆ: "ಇದೇ ಹಾರ್ಮುಜ್ ಜಲಸಂಧಿ. ಅಗಲ ಬರೀ 3 ಕಿ.ಮೀ., ನಮ್ಮ ಕೆಆರ್‌ಎಸ್ ಕಟ್ಟೆಯಷ್ಟು. ಒಂದು ಹಡಗು ಅಡ್ಡ ನಿಂತರೆ ಮುಗೀತು."

ಬಾಣ ತೋರಿಸುತ್ತಿರುವುದು ಜಲಸಂಧಿಯನ್ನೇ ಅಲ್ಲ. ಅದು ಒಮಾನಿನ ಮುಸಂದಮ್ ಪರ್ಯಾಯ ದ್ವೀಪದೊಳಗೆ ನುಗ್ಗಿರುವ ಕಡಲಿನ ಕವಲು. ಒಂದು ತುದಿ ಮುಚ್ಚಿದೆ, ಆಚೆಗೆ ದಾರಿಯಿಲ್ಲ. ಮುಸಂದಮ್‌ನ ಕರಾವಳಿ ಹರಿದ ಬಟ್ಟೆಯ ಅಂಚಿನಂತಿದೆ, ಇಂಥ ಕವಲುಗಳು ಹಲವು. ನಿಜವಾದ ಜಲಸಂಧಿ ಮೂಗಿನಂತೆ ಚಾಚಿದ ಈ ಪರ್ಯಾಯ ದ್ವೀಪವನ್ನು ಬಳಸಿಕೊಂಡು ಮೊಣಕೈಯಂತೆ ಬಾಗುತ್ತದೆ. ಎದುರು ದಡ ಇರಾನ್, ಮೀನಿನಾಕಾರದ ಉದ್ದ ದ್ವೀಪ ಕೆಶ್ಮ್. ತೀರಾ ಕಿರಿದಾದ ಕಡೆಯೂ 30 ಕಿ.ಮೀ.ಗಿಂತ ಹೆಚ್ಚು. ಮೈಸೂರಿಂದ ಮಂಡ್ಯಕ್ಕೆ ಹೊರಟವರು ಶ್ರೀರಂಗಪಟ್ಟಣ ದಾಟಿ ಇನ್ನೂ ಅಷ್ಟೇ ದೂರ ಹೋಗಬೇಕು.

3 ಕಿ.ಮೀ. ಎಲ್ಲಿಂದ ಬಂತು? ಅದು ಹಡಗುಗಳ ಪಥದ ಅಗಲ ಇರಬೇಕು. ಒಳಹೋಗಲು ಸುಮಾರು 2 ನಾಟಿಕಲ್ ಮೈಲಿ, ಹೊರಬರಲು ಅಷ್ಟೇ, ನಡುವೆ ಅಷ್ಟೇ ಖಾಲಿ ಜಾಗ. ಒಂದು ನಾಟಿಕಲ್ ಮೈಲಿ ಎಂದರೆ 1.85 ಕಿ.ಮೀ.; ಯಾರೋ ಅದನ್ನು 1.6 ಕಿ.ಮೀ.ನ ರಸ್ತೆಯ ಮೈಲಿ ಎಂದುಕೊಂಡು ಎರಡರಿಂದ ಗುಣಿಸಿರಬೇಕು.

2021ರಲ್ಲಿ ಅಡ್ಡ ಸಿಕ್ಕಿಕೊಂಡ 'ಎವರ್ ಗಿವನ್' ಹಡಗಿನ ಉದಾಹರಣೆಯನ್ನೂ ಒಬ್ಬರು ಕೊಟ್ಟರು. ಅದು ಸೂಯೆಜ್, ಮನುಷ್ಯರು ತೋಡಿದ ಕಾಲುವೆ ಸ್ವಾಮಿ. 400 ಮೀಟರಿನ ಹಡಗು ಹಾರ್ಮುಜ್‌ನಲ್ಲಿ ಅಡ್ಡ ನಿಂತರೆ ಪಕ್ಕದಲ್ಲಿ ಬೇಕಾದಷ್ಟು ನೀರಿರುತ್ತದೆ. ಯುದ್ಧದ ಭಯಕ್ಕೆ ಹಡಗುಗಳು ನಿಲ್ಲುವುದು ಬೇರೆ ಮಾತು.