ಎರಡು ಮೊಟ್ಟೆ, ನೂರು ಮಹಡಿ, ಒಂದು ಕೆಲಸ

ಬೆಂಗಳೂರಿನ ಹೊರವರ್ತುಲ ರಸ್ತೆಯ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳಲ್ಲಿ ಈಗಲೂ ಮೊಟ್ಟೆ ಒಡೆಯುತ್ತಲೇ ಇವೆ. ಕ್ಯಾಂಟೀನಿನಲ್ಲಲ್ಲ, ಇಂಟರ್‌ವ್ಯೂ ಕೋಣೆಯಲ್ಲಿ. ನೂರು ಮಹಡಿಯ ಕಟ್ಟಡ, ಕೈಯಲ್ಲಿ ಎರಡೇ ಮೊಟ್ಟೆ; ಯಾವ ಮಹಡಿಯಿಂದ ಬಿಟ್ಟರೆ ಒಡೆಯಲು ಶುರುವಾಗುತ್ತದೆ, ಆದಷ್ಟು ಕಡಿಮೆ ಸಲ ಬೀಳಿಸಿ ಹೇಳಿ. (ಊರಲ್ಲಿ ಅಷ್ಟೆತ್ತರದ ಕಟ್ಟಡವೇ ಇಲ್ಲವಲ್ಲ ಅನ್ನಬೇಡಿ, 'ಕಲ್ಚರ್ ಫಿಟ್' ಇಲ್ಲ ಅಂತ ಬರೆದುಕೊಳ್ಳುತ್ತಾರೆ.)

ಉತ್ತರ 14 ಸಲ. ಮೊದಲು 14ನೇ ಮಹಡಿ, ಒಡೆಯದಿದ್ದರೆ 27, ಆಮೇಲೆ 39, 50. ಮೊದಲ ಮೊಟ್ಟೆ ಒಡೆದರೆ ಎರಡನೆಯದನ್ನು ಹಿಡಿದು ನಡುವಿನ ಮಹಡಿಗಳನ್ನು ಕೆಳಗಿನಿಂದ ಒಂದೊಂದಾಗಿ ನೋಡಬೇಕು; ಒಟ್ಟು 14 ಮೀರಬಾರದೆಂದು ಪ್ರತಿ ಸಲ ಜಿಗಿತ ಒಂದೊಂದು ಮಹಡಿ ಕಡಿಮೆ. 14ರಿಂದ 1ರವರೆಗೆ ಕೂಡಿದರೆ 105, ನೂರು ದಾಟಿತು. 13ರಿಂದ ಶುರು ಮಾಡಿದರೆ 91, ಒಂಬತ್ತು ಮಹಡಿ ಬಾಕಿ. ಇದು ಹೇಳುವವನಿಗೆ ಗೊತ್ತು. ಅವನಿಗೆ ಗೊತ್ತೆಂಬುದು ಕೇಳುವವನಿಗೂ ಗೊತ್ತು. ಹಾಗಾಗಿ ಉಳಿದಿರುವುದು ನಾಟಕದ ಪರೀಕ್ಷೆ.

ಮೊದಲೆರಡು ನಿಮಿಷ ಹುಬ್ಬು ಗಂಟಿಕ್ಕಬೇಕು. ಬೈನರಿ ಸರ್ಚ್ (ಪ್ರತಿ ಸಲ ಅರ್ಧಕ್ಕೆ ಹೋಗಿ ಹುಡುಕುವುದು) ಎನ್ನುತ್ತಾ 50ನೇ ಮಹಡಿಗೆ ಹೋಗಿ, ಅಲ್ಲೇ ಒಡೆದರೆ 1ರಿಂದ 49ರವರೆಗೆ ಒಂದೊಂದೇ ಹತ್ತಬೇಕಲ್ಲ ಎಂದು ತಾನೇ ಬೆಚ್ಚಿಬೀಳಬೇಕು. ಆಮೇಲೆ ಹತ್ತು ಹತ್ತು ಮಹಡಿಯ ಲೆಕ್ಕ, ಅದಕ್ಕೆ ಹೆಚ್ಚೆಂದರೆ 19 ಸಲ. ಇಲ್ಲೊಂದು 'ಹಾಂ!' ಬೇಕೇ ಬೇಕು. ಅನಂತರವೇ 14. ನೇರವಾಗಿ 14 ಅಂದವನು ಬಾಯಿಪಾಠದವನು ಅಂತ ಫೇಲು. ಅರ್ಧ ಗಂಟೆ ನಿಜವಾಗಿಯೂ ಯೋಚಿಸಿದವನು ಮಂದ ಅಂತ ಫೇಲು.

ಇಂಥ ಒಗಟುಗಳಿಗೆ ಹೆಸರಾಗಿದ್ದ ಗೂಗಲ್‌ನ ಆಗಿನ ಎಚ್‌ಆರ್ ಮುಖ್ಯಸ್ಥ ಲಾಸ್ಲೋ ಬಾಕ್ 2013ರಲ್ಲೇ ಇವೆಲ್ಲ ಶುದ್ಧ ಕಾಲಹರಣ, ಕೇಳುವವನಿಗೆ ತಾನು ಜಾಣ ಅನಿಸುವುದಷ್ಟೇ ಲಾಭ ಎಂದಿದ್ದರು. ಆ ಲಾಭ ಸಣ್ಣದೇನಲ್ಲ ಬಿಡಿ.

ಕೆಲಸಕ್ಕೆ ಸೇರಿದ ಸೋಮವಾರ ಸಿಗುವ ಟಿಕೆಟ್ಟೇ (ಸರಿಪಡಿಸಬೇಕಾದ ತಪ್ಪಿನ ದೂರು) ಬೇರೆ. ರಾತ್ರಿ 12ರಿಂದ ಬೆಳಗಿನ 5:30ರವರೆಗಿನ ಆರ್ಡರುಗಳೆಲ್ಲ ನಿನ್ನೆಯ ಲೆಕ್ಕಕ್ಕೆ ಹೋಗುತ್ತಿವೆ. ಸರ್ವರ್ ಯುಟಿಸಿಯಲ್ಲಿದೆ (ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ), ರಿಪೋರ್ಟು ದಿನ ಬದಲಿಸುವುದೂ ಅದೇ ಗಡಿಯಾರ ನೋಡಿ. ಜೊತೆಗೆ ಬಿಲ್ಲಿನ ಮೊತ್ತದಲ್ಲಿ ಅಲ್ಲಲ್ಲಿ ಒಂದು ಪೈಸೆ ವ್ಯತ್ಯಾಸ. ಪೈಸೆ ಲೆಕ್ಕದಲ್ಲಿ ಪೂರ್ಣಾಂಕವಾಗಿ ಇಡಬೇಕಾದ ಹಣವನ್ನು ಯಾರೋ ಫ್ಲೋಟ್‌ನಲ್ಲಿ (ದಶಮಾಂಶವನ್ನು ಕಂಪ್ಯೂಟರ್ ಅಂದಾಜಾಗಿ ಇಡುವ ಬಗೆ) ಇಟ್ಟಿದ್ದಾರೆ, ಅಲ್ಲಿ 0.1ಕ್ಕೆ 0.2 ಕೂಡಿದರೆ 0.30000000000000004.

ಇದೇ ಕೋಡಿನ ಅರವತ್ತು ಸಾಲು ಮುಂದಿಟ್ಟು 'ತಪ್ಪೆಲ್ಲಿದೆ ನೋಡಿ' ಅಂತ ಇಂಟರ್‌ವ್ಯೂನಲ್ಲೇ ಕೇಳಬಹುದಿತ್ತು. ತೊಂದರೆ ಏನೆಂದರೆ, ಕೇಳುವವರು ಮೊದಲು ಆ ತಪ್ಪನ್ನು ತಾವೇ ಕಂಡುಹಿಡಿದಿರಬೇಕು. ಅದನ್ನು ಬರೆದವನನ್ನಾದರೂ ವಿಚಾರಿಸೋಣವೆಂದರೆ, ಅವನು ಹೋದ ತಿಂಗಳೇ ಎದುರಿನ ಕಟ್ಟಡದಲ್ಲಿ ಹುಬ್ಬು ಗಂಟಿಕ್ಕಿ, 'ಹಾಂ!' ಅಂದು, 14 ಹೇಳಿ ಹೋಗಿಯಾಗಿದೆ.